ನಾಲ್ಕನೇ ಮಹಡಿಗೆ ಬಂದ ಡ್ರೋನ್

2017ರ ಮಾರ್ಚ್ 11, ಶನಿವಾರ ಬೆಳಿಗ್ಗೆ ಠಾಣೆಗೆ ಬಂದ ಯಮುನಾ ಎಂಬ ಹೆಂಗಸು ಕುರ್ಚಿಯಲ್ಲಿ ಕೂರಲೂ ಇಲ್ಲ, ನೀರು ಕೊಟ್ಟರೆ ಕುಡಿಯಲೂ ಇಲ್ಲ. ಹಿಂದಿನ ಸಂಜೆ ತನ್ನ ಫ್ಲಾಟಿನ ಬಾಲ್ಕನಿಯೊಳಕ್ಕೆ ಕ್ಯಾಮೆರಾ ಡ್ರೋನ್ ಒಂದು ಬಂದು ಬಿದ್ದಿದೆ ಎಂದಳು. ಅದನ್ನು ಮುಟ್ಟಲು ಧೈರ್ಯ ಸಾಲದೆ, ಕೋಳಿ ಮುಚ್ಚಿದ ಹಾಗೆ ಒಗೆಯುವ ಬಟ್ಟೆಯ ಬುಟ್ಟಿಯನ್ನು ಬೋರಲು ಹಾಕಿ ಬಂದಿದ್ದಳು.

ಇನ್ಸ್‌ಪೆಕ್ಟರ್ ಪದ್ಮಾವತಿಗೆ ಕೇಳಿದ ತಕ್ಷಣ ರಕ್ತ ಕುದಿಯಿತು. ಹೆಂಗಸರ ಮನೆಯೊಳಗೆ ಇಣುಕುವ ಚಪಲದವರನ್ನು ಕಂಡರೆ ಆಕೆಗೆ ಮೊದಲೇ ಆಗದು. ಹಿಂದೆಲ್ಲ ಗೋಡೆ ಹತ್ತಬೇಕಿತ್ತು, ಈಗ ಕೂತಲ್ಲೇ ಕೂತು ಇಣುಕುವಷ್ಟು ಮುಂದುವರಿದಿದ್ದಾರಲ್ಲ ಎಂದು ಗೊಣಗಿಕೊಂಡೇ ಪೆನ್ನು ತೆಗೆದಳು.

"ಎಷ್ಟು ದಿನದಿಂದ ಬರ್ತಾ ಇದೆ?"

"ಎರಡು ತಿಂಗಳಾಗಿರ್ಬೋದು ಮೇಡಂ. ಸಂಜೆ ಮಗೂನ ಬಾಲ್ಕನೀಲಿ ಆಡೋಕ್ ಬಿಟ್ಟಾಗ ಬರೋದು. ದೂರದಲ್ಲೇ ನಿಂತು ವಾಪಸ್ ಹೋಗ್ಬಿಡೋದು. ಯಾರೋ ಮದುವೆ ಶೂಟಿಂಗ್‌ನೋರು ಟೆಸ್ಟ್ ಮಾಡ್ತಾರೆ ಅನ್ಕೊಂಡಿದ್ದೆ. ನಿನ್ನೆ ಹತ್ತಿರ ಬಂತು. ಮಗ ಕೂತಿದ್ದ ಚಾಪೆ ಪಕ್ಕಕ್ಕೇ ಧೊಪ್ ಅಂತ ಬಿತ್ತು."

"ಮಗೂಗೆ ಏಟಾಯ್ತಾ?"

"ಇಲ್ಲ. ಹೆದರ್ಕೊಂಡು ಅತ್ತ, ಅಷ್ಟೆ. ಪಕ್ಕದ ಮನೇಲಿ ಬಿಟ್ಟು ಬಂದಿದೀನಿ."

"ಯಾರ ಮೇಲಾದ್ರೂ ಅನುಮಾನ?"

ಯಮುನಾ ಬಾಗಿಲ ಕಡೆ ಒಮ್ಮೆ ನೋಡಿದಳು. "ನಮ್ಮಪ್ಪನ ಮೇಲೆ."

ಪದ್ಮಾವತಿ ಪೆನ್ನು ಕೆಳಗಿಟ್ಟಳು.

ಯಮುನಾ ಬೇಗೂರಿನ ನಲ್ಲಪ್ಪನ ಒಬ್ಬಳೇ ಮಗಳು. ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು. ಆರು ವರ್ಷದ ಹಿಂದೆ ಆಕೆ ಬೇರೆ ಜಾತಿಯ ಪ್ರಸನ್ನನನ್ನು ಮದುವೆಯಾದ ಮಾರನೆಯ ದಿನ ನಲ್ಲಪ್ಪ ನೆಂಟರಿಷ್ಟರನ್ನೆಲ್ಲ ಕೆರೆಯ ಬಳಿ ಸೇರಿಸಿ, ಬದುಕಿದ್ದ ಮಗಳಿಗೆ ಎಳ್ಳುನೀರು ಬಿಟ್ಟಿದ್ದ. ಇನ್ನು ಮೇಲೆ ಮನೆಯಲ್ಲಿ ಅವಳ ಹೆಸರೆತ್ತಿದವರು ತನಗೂ ಎಳ್ಳುನೀರು ಬಿಡಲಿ ಎಂದಿದ್ದ. ಎದುರಿಗೆ ಸಿಕ್ಕರೆ ಇಬ್ಬರನ್ನೂ ಉಳಿಸುವುದಿಲ್ಲವೆಂದು ದೊಡ್ಡಪ್ಪನ ಮಕ್ಕಳು ಹೇಳಿ ಕಳಿಸಿದ್ದರು. ಗಂಡ ಹೆಂಡಿರು ಮಾರತ್ತಹಳ್ಳಿಯಲ್ಲಿ ಮನೆ ಮಾಡಿಕೊಂಡು ಹೇಗೋ ಇದ್ದರು. ಪ್ರಸನ್ನನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕ ಮೇಲೆ, ಹೋದ ವರ್ಷ, ಈ ಕಡೆ ಬಂದರು.

"ಅಷ್ಟು ಭಯ ಇದ್ದೋರು ಬೇಗೂರು ಕೆರೆ ಎದುರಿಗೇ ಯಾಕ್ರೀ ಮನೆ ಮಾಡಿದ್ರಿ?"

"ಬಾಲ್ಕನಿಯಿಂದ ನಮ್ಮೂರಿನ ದೇವಸ್ಥಾನ ಕಾಣ್ಸುತ್ತೆ ಮೇಡಂ," ಎಂದು ಯಮುನಾ ತಲೆ ತಗ್ಗಿಸಿದಳು. "ಈಗ ನಮ್ಮನೆಯವರು ಪುಣೆಗೆ ಟ್ರಾನ್ಸ್‌ಫರ್ ಕೇಳಿದಾರೆ. ಮಗು ಇರೋದು ಅವ್ರಿಗೆ ಗೊತ್ತಾಗಿದೆ ಅಂದ್ಮೇಲೆ ನಾನು ಇಲ್ಲಿರಲ್ಲ."

ಎಫ್‌ಐಆರ್ ದಾಖಲಾಯಿತು: ಕದ್ದು ನೋಡಿದ್ದಕ್ಕೆ ಕಲಂ 354ಸಿ, ಜೀವಕ್ಕೆ ಅಪಾಯ ತಂದದ್ದಕ್ಕೆ 336, ಐಪಿಸಿ. ಆಕೆ ಹೋದ ಮೇಲೆ ಹೆಡ್ ಕಾನ್‌ಸ್ಟೆಬಲ್ ಸೊಣ್ಣಪ್ಪ ಗಂಟಲು ಸರಿಮಾಡಿಕೊಂಡ. ಅವನೂ ಆ ಕಡೆಯವನೇ.

"ನಲ್ಲಪ್ಪ ಗೊತ್ತು ಮೇಡಂ. ಶಾನೆ ಒರಟ. ಆದ್ರೆ ಆಡಿದ ಮಾತಿಗೆ ತಪ್ಪೋನಲ್ಲ."

"ಅದೇ ಕಣ್ರೀ ನಂಗೆ ಭಯ."

ಮಧ್ಯಾಹ್ನ ಇಬ್ಬರು ಪಂಚರ ಸಮಕ್ಷಮ ಬುಟ್ಟಿ ಎತ್ತಿ ಪಂಚನಾಮೆ ಮಾಡಿದರು. ಡ್ರೋನಿನ ಒಂದು ರೆಕ್ಕೆ ಮುರಿದಿತ್ತು. ಬ್ಯಾಟರಿ ಹೊಸದು, ಅದರ ಮೇಲೆ ಮಾರತ್ತಹಳ್ಳಿಯ ಒಂದು ರಿಪೇರಿ ಅಂಗಡಿಯ ಸ್ಟಿಕ್ಕರ್. ಮೆಮೊರಿ ಕಾರ್ಡ್ ಹಾಕುವ ಜಾಗ ಖಾಲಿಯಾಗಿತ್ತು. ಇಣುಕುವವನು ಚಿತ್ರ ಹಿಡಿದುಕೊಳ್ಳದೆ ಬಿಡುತ್ತಾನೆಯೇ? ಹಾಗಾದರೆ ಇದು ಹೊಂಚುಹಾಕುವವರದೇ ಕೆಲಸ, ಯಾರು ಎಷ್ಟು ಹೊತ್ತಿಗೆ ಒಂಟಿಯಾಗಿರುತ್ತಾರೆಂದು ಲೆಕ್ಕ ಹಾಕುವುದಕ್ಕೆ. ಹಿಂದಿನ ಠಾಣೆಯಲ್ಲಿ ಇಂಥದೇ ಒಂದು ದೂರನ್ನು ಮನೆಜಗಳ ಎಂದು ತಳ್ಳಿಹಾಕಿದವರು ಆಮೇಲೆ ಶವದ ಮಹಜರು ಬರೆದಿದ್ದನ್ನು ಪದ್ಮಾವತಿ ಕಣ್ಣಾರೆ ಕಂಡಿದ್ದಳು. ಅಪಾರ್ಟ್‌ಮೆಂಟಿನ ಗೇಟಿಗೆ ಒಬ್ಬ ಕಾನ್‌ಸ್ಟೆಬಲನ್ನು ಹಾಕಿ, ಯಮುನಾಳ ಫೋನಿನಲ್ಲಿದ್ದ ಅಪ್ಪನ ಒಂದು ಫೋಟೋ ಕೇಳಿ ಪಡೆದಳು. ಆರು ವರ್ಷವಾದರೂ ಮಗಳು ಅದನ್ನು ಅಳಿಸಿರಲಿಲ್ಲ.

ಸೋಮವಾರ ಸಿಗ್ನಲ್ಲುಗಳಿಗೆಲ್ಲ ಶಾಪ ಹಾಕುತ್ತ ಮಾರತ್ತಹಳ್ಳಿ ಮುಟ್ಟುವ ಹೊತ್ತಿಗೆ ಹನ್ನೆರಡಾಗಿತ್ತು. ಅಂಗಡಿ ನಡೆಸುತ್ತಿದ್ದ ಅಂಜನ್ ಡ್ರೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿ ಹಣೆ ಚಚ್ಚಿಕೊಂಡ.

"ಬಡ್ಕೊಂಡೆ ಮೇಡಂ, ಅಪ್‌ಡೇಟ್ ಮಾಡ್ಸಿ ಅಂತ. ಬ್ಯಾಟರಿ ಹೊಸದು, ಇದರ ಫರ್ಮ್‌ವೇರ್ ಹಳೇದು. ಒಳಗಿರೋ ಸಾಫ್ಟ್‌ವೇರ್ ಮೇಡಂ, ಇಡೀ ಡ್ರೋನ್ ನಡೆಸೋದೇ ಅದು. ಒಂದಕ್ಕೊಂದು ಮಾತು ಹೊಂದ್ತಾ ಇಲ್ಲ. ಬ್ಯಾಟರಿ ಖಾಲಿಯಾಗ್ತಾ ಇದ್ರೂ ಸ್ಕ್ರೀನ್ ಮೇಲೆ ನಲವತ್ತು ಪರ್ಸೆಂಟ್ ಅಂತಲೇ ತೋರ್ಸತ್ತೆ. ಚಾರ್ಜ್ ಕಮ್ಮಿಯಾದ್ರೆ ಅದು ತಾನಾಗೇ ವಾಪಸ್ ಹೋಗ್ಬೇಕು. ಗೊತ್ತೇ ಆಗ್ದೆ ನಿಂತಲ್ಲೇ ನಿಂತು ಬಿದ್ದಿದೆ."

"ಯಾಕೆ ಅಪ್‌ಡೇಟ್ ಮಾಡಿಸ್ಲಿಲ್ಲ?"

"ಹೊಸ ಫರ್ಮ್‌ವೇರ್ ಹಾಕಿದ್ರೆ ಹೆಸರು, ಮೊಬೈಲ್ ನಂಬರ್ ಕೇಳತ್ತೆ. ಯಜಮಾನ್ರು ಜಪ್ಪಯ್ಯ ಅಂದ್ರೂ ಒಪ್ಲಿಲ್ಲ. 'ನನ್ ಹೆಸರು ಮಾತ್ರ ಅದ್ರೊಳಗೆ ಬರ್ಬಾರ್ದು' ಅಂದ್ರು."

ಪದ್ಮಾವತಿ ಫೋಟೋ ತೋರಿಸಿದಳು. ಅಂಜನ್ ತಲೆಯಾಡಿಸಿದ. ಇವರೇ. ಹೆಸರು ಹೇಳುತ್ತಿರಲಿಲ್ಲ, ಆದರೆ ಮೂರ್ನಾಲ್ಕು ಸಲ ಬಂದಿದ್ದರು.

"ಏನಂತ ಬರ್ತಿದ್ರು?"

"ಹಳೇ ಬ್ಯಾಟರಿ ಸತ್ತೋಗಿತ್ತು ಮೇಡಂ. 'ಓಗಿ ನಿಂತ್ಕಳೋಷ್ಟ್ರಲ್ಲೇ ತಿರುಗಿ ಬಂದ್ಬುಡ್ತದೆ, ಇನ್ನೊಂದ್ ಗಳಿಗೆ ನಿಲ್ಲಂಗೆ ಮಾಡ್ಕೊಡಪ್ಪ' ಅನ್ನೋರು. ಇನ್ನೊಂದ್ಸಲ ಬಂದು ಸೌಂಡ್ ಕಮ್ಮಿ ಮಾಡೋಕಾಗತ್ತಾ ಅಂದ್ರು. ಮಗು ಬೆಚ್ಚತ್ತಂತೆ. ಮನೇಲಿ ಪುಟ್ಟ ಮಗು ಇರ್ಬೇಕು ಅನ್ಕೊಂಡೆ."

"ಕೊನೇ ಸಲ ಯಾವಾಗ ಬಂದಿದ್ರು?"

"ಮೊನ್ನೆ ಶನಿವಾರ. ಡ್ರೋನ್ ಇರ್ಲಿಲ್ಲ, ಬರಿಗೈಲಿ ಬಂದಿದ್ರು. ಇದು ಬಿದ್ರೆ ರೆಕ್ಕೆ ತಿರುಗ್ತಾನೇ ಇರತ್ತಾ, ಮೈ ಕುಯ್ಯತ್ತಾ, ಎಳೇ ಚರ್ಮ ಆದ್ರೆ ಎಷ್ಟು ಕುಯ್ಯತ್ತೆ ಅಂತ ಒಂದೇ ಸಮ ಕೇಳಿದ್ರು. ಕಣ್ಣೆಲ್ಲ ಕೆಂಪಾಗಿತ್ತು."

ಜೀಪಿಗೆ ಮರಳುವಾಗ ಪದ್ಮಾವತಿಗೆ ಏನೋ ಹೊಳೆದಿತ್ತು. ಆದರೆ ಹೊಳೆದದ್ದನ್ನು ನಂಬಿ ಗೇಟಿನ ಕಾನ್‌ಸ್ಟೆಬಲನ್ನು ವಾಪಸ್ ಕರೆಸುವಷ್ಟು ಪೆದ್ದಿ ಅವಳಲ್ಲ.

ಮಾರ್ಚ್ 14, ಮಂಗಳವಾರ ಸಂಜೆ ಬೇಗೂರಿನಲ್ಲಿ ನಲ್ಲಪ್ಪನ ಮನೆಗೆ ಹೋದರು. ಕೆಳಗಡೆ ಅವನ ಹೆಂಡತಿ ಚಿಕ್ಕಮುನಿಯಮ್ಮ ಅವರೆಕಾಳು ಬಿಡಿಸುತ್ತಿದ್ದಳು. ಪೊಲೀಸರನ್ನು ಕಂಡು ಮೊರ ಪಕ್ಕಕ್ಕಿಟ್ಟು, ಏನು ಎತ್ತ ಎಂದು ತಿಳಿಯದೆ ಅವರ ಹಿಂದೆಯೇ ಮೆಟ್ಟಿಲು ಹತ್ತಿ ಬಂದಳು.

ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಪಕ್ಕ ಡ್ರೋನಿನ ರಿಮೋಟ್. ಕುರ್ಚಿ ಕೆರೆಯಾಚೆಯ ಅಪಾರ್ಟ್‌ಮೆಂಟಿಗೆ ಮುಖ ಮಾಡಿತ್ತು. ನಲ್ಲಪ್ಪ ಎದ್ದು ನಿಂತ. ಎತ್ತರದ ಆಳು, ಮಾಸಿದ ಪಂಚೆ, ಗಡ್ಡ ಬೋಳಿಸಿರಲಿಲ್ಲ. ಓಡಲಿಲ್ಲ, ಏನು ಬಂದಿರಿ ಎಂದೂ ಕೇಳಲಿಲ್ಲ.

"ಮೊಗೀಗೇನಾರ ಆಯ್ತಾ?"

ಪದ್ಮಾವತಿ ನಾಲಿಗೆಯ ತುದಿಗೆ ತಂದುಕೊಂಡಿದ್ದ ಬಿರುಮಾತು ಅಲ್ಲೇ ನಿಂತಿತು. "ಪ್ರಶ್ನೆ ನಾವು ಕೇಳೋದು," ಎಂದಳೇ ಹೊರತು ದನಿಯಲ್ಲಿ ಜೋರಿರಲಿಲ್ಲ.

"ಕೇಳು ತಾಯಿ, ಏನ್ ಬೇಕಾರ ಕೇಳು. ಇದೊಂದ್ ಏಳ್ಬುಡು. ನಾಕು ದಿನದಿಂದ ಅನ್ನ ಗಂಟ್ಲಾಗಿಳೀತಿಲ್ಲ."

"ಏನೂ ಆಗಿಲ್ಲ. ಹೆದರ್ಕೊಂಡಿತ್ತು, ಅಷ್ಟೆ."

ನಲ್ಲಪ್ಪ ಕುರ್ಚಿಯಲ್ಲಿ ಕುಸಿದು ಕೂತ. ಅಷ್ಟು ದೊಡ್ಡ ಗಂಡಸು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಬಿಕ್ಕಿದ.

"ಯಮುನಾ ಇರೋ ಮನೆ ಹೇಗೆ ಗೊತ್ತಾಯ್ತು?" ಎಂದು ಪದ್ಮಾವತಿ ಕೇಳಿದಳು. ಆ ಹೆಸರು ಕೇಳಿದ್ದೇ ಬಾಗಿಲಲ್ಲಿದ್ದ ಚಿಕ್ಕಮುನಿಯಮ್ಮ ಗೋಡೆ ಹಿಡಿದುಕೊಂಡಳು. ಆ ಮನೆಯಲ್ಲಿ ಆ ಹೆಸರನ್ನು ಯಾರಾದರೂ ಬಾಯಿಬಿಟ್ಟು ಆಡಿ ಆರು ವರ್ಷವಾಗಿತ್ತು.

"ಬಸ್ ಸ್ಟಾಪಲ್ಲಿ ಮೊಗ ಎತ್ಕಂಡ್ ನಿಂತಿದ್ಲು. ಅವಳ ಇಂದಿಂದೇ ಓದೆ. ಗೇಟ್ ಗಂಟ ಓದೆ ಮೇಡಂ, ಒಳೀಕ್ ಓಗಕ್ಕಾಗ್ಲಿಲ್ಲ. ಊರೋರ ಮುಂದೆ ಎಳ್ಳುನೀರ್ ಬಿಟ್ಟೋನು ಯಾವ ಮಕ ಒತ್ಕಂಡ್ ಓಗ್ಲಿ? ಬಾಡಿಗೆ ಮನೆ ಟ್ಯಾಂಕ್ ನೋಡಕ್ಕೆ ಅಂತ ಮನೇಲಿ ಏಳಿ ಇದನ್ ತಂದೆ."

"ಆ ದಿನ ಅಷ್ಟು ಹತ್ತಿರ ಯಾಕೆ ಬಿಟ್ರಿ?"

"ಮೊಗ ಕೈ ಆಡಿಸ್ತು." ಅವನು ಕಣ್ಣೊರೆಸಿಕೊಂಡ. "ಬಾ ಅಂದಂಗಾಯ್ತು. ನಲವತ್ತು ಅಂತ ತೋರಿಸ್ತಿತ್ತು, ಇನ್ನೇನು ಅಂತ ಅತ್ರ ಬಿಟ್ಟೆ. ಆಮೇಲೆ ಎಲ್ಲಾ ಕಪ್ಪಾಗ್ಬುಡ್ತು."

"ಒಂದು ಫೋಟೋನೂ ಹಿಡ್ಕೊಂಡಿಲ್ವಲ್ಲ?"

ನಲ್ಲಪ್ಪ ಹೆಂಡತಿಯ ಕಡೆ ನೋಡಲಾರದೆ ಹೇಳಿದ: "ಇಡ್ಕಂಡಿದ್ರೆ ಇವಳ ಕಣ್ಣಿಗ್ ಬಿದ್ಬುಡ್ತಿತ್ತು."

"ನೀನು ನೋಡ್ದೆ," ಎಂದಳು ಚಿಕ್ಕಮುನಿಯಮ್ಮ. ಕೂಗಲಿಲ್ಲ, ಅಳಲಿಲ್ಲ. "ಎರಡ್ ತಿಂಗಳಿಂದ ನೀನೊಬ್ನೇ ಇಲ್ ಕೂತ್ಕಂಡ್ ನೋಡ್ದೆ. ನಾನು ಕೆಳಗೆ ನಿಂಗೆ ಕಾಪಿ ಕಾಯಿಸ್ತಿದ್ದೆ."

ಪದ್ಮಾವತಿ ಕೆರೆಯ ಕಡೆಗೆ ತಿರುಗಿ ನಿಂತಳು. ಹದಿನಾರು ವರ್ಷದ ನೌಕರಿಯಲ್ಲಿ ಆರೋಪಿಯ ಎದುರು ಮುಖ ತಿರುಗಿಸಿದ್ದು ಅದೇ ಮೊದಲು. ಸೊಣ್ಣಪ್ಪ ಪಂಚರನ್ನು ಕರೆದು ರಿಮೋಟ್ ಜಪ್ತಿ ಮಾಡಿದ.

ಠಾಣೆಯಲ್ಲಿ ದಸ್ತಗಿರಿ ಮೆಮೊ ಬರೆಯುವಾಗ, ಬಂಧನದ ವಿಷಯವನ್ನು ಯಾವ ಸಂಬಂಧಿಕರಿಗೆ ತಿಳಿಸಬೇಕು ಎಂಬ ಕಾಲಂ ಬಂತು. ಎಲ್ಲ ಆರೋಪಿಗಳಿಗೂ ಕೇಳುವ ಪ್ರಶ್ನೆ. ಸೊಣ್ಣಪ್ಪ ಕೇಳದೆಯೇ ಬರೆಯಲು ಹೊರಟ.

"ಮನೆಯಾಕೆ ಎದುರಿಗೇ ಇದ್ರಲ್ಲ ಮೇಡಂ, ಅವರದ್ದೇ ಹಾಕ್ಲಾ?"

"ಬ್ಯಾಡ," ಎಂದ ನಲ್ಲಪ್ಪ.

"ಮತ್ತೆ ಯಾರ್ದು? ನಿಮ್ಮಣ್ಣನ ಮಕ್ಕಳದಾ?"

"ನನ್ ಮಗಳಿಗೆ ತಿಳಿಸಿ."

ಸೊಣ್ಣಪ್ಪನ ಕೈ ನಿಂತಿತು. ದೂರು ಕೊಟ್ಟವಳೇ ಅವಳು. ಪಿರ್ಯಾದಿಗೇ ಆರೋಪಿಯ ಸಂಬಂಧಿ ಎಂದು ತಿಳುವಳಿಕೆ ಕೊಡುವುದು ಯಾವ ರೂಲಿನಲ್ಲಿದೆ ಎಂದು ಅವನು ಪದ್ಮಾವತಿಯ ಮುಖ ನೋಡಿದ.

"ಬರೀರಿ," ಎಂದಳು ಆಕೆ. "ಯಮುನಾ. ಸಂಬಂಧ, ಮಗಳು."

ಪದ್ಮಾವತಿಯೇ ಫೋನ್ ಮಾಡಿದಳು. ಆರೋಪಿ ಸಿಕ್ಕಿದ್ದಾರೆ, ಯಾರಿಗೂ ಕೇಡು ಬಯಸಿದವರಲ್ಲ ಎಂದು ನಡೆದದ್ದನ್ನೆಲ್ಲ ಹೇಳಿದಳು. ಠಾಣೆಯಲ್ಲೇ ಜಾಮೀನು ಸಿಗುವ ಕೇಸು, ಮುಂದಿನದು ಕೋರ್ಟಿಗೆ ಬಿಟ್ಟದ್ದು ಎಂದಳು.

"ಇನ್ನೊಂದು ವಿಷಯ. ಯಾರಾದ್ರೂ ಸಂಬಂಧಿಕರಿಗೆ ತಿಳಿಸ್ಬೇಕು ಅಂತ ಕಾನೂನಿದೆ. ನಿಮ್ಮ ಹೆಸರು ಕೊಟ್ಟಿದಾರೆ."

"ನನ್ನ ಹೆಸರಾ?" ಯಮುನಾಳ ದನಿ ಒಡೆಯಿತು. "ಏನಂತ ಅಂದ್ರು ಮೇಡಂ? ಅವರ ಬಾಯಲ್ಲೇ ಅಂದ್ರಾ?"

"ಮಗಳು ಅಂದ್ರು. ಅವರ ಬಾಯಲ್ಲೇ."

ಯಮುನಾ ಕೇಳಿದಳು: "ಸ್ಟೇಷನ್‌ಗೆ ಮಗೂನ ಕರ್ಕೊಂಡ್ ಬರ್ಬೋದಾ?"

ಠಾಣೆಗೆ ಮಕ್ಕಳನ್ನು ಕರೆತರಬಾರದೆಂದು ಎಲ್ಲರಿಗೂ ಬುದ್ಧಿ ಹೇಳುವ ಪದ್ಮಾವತಿ, "ಬನ್ನಿ," ಎಂದಳು.

ಫೋನಿಟ್ಟು ವಿಷಯ ತಿಳಿಸಿದಾಗ ನಲ್ಲಪ್ಪ ಬೆಂಚಿನಿಂದ ಎದ್ದು, ಪಂಚೆ ಬಿಗಿಮಾಡಿಕೊಂಡು, ಮುಖ ತೊಳೆಯಬೇಕಿತ್ತು, ನಲ್ಲಿ ಎಲ್ಲಿದೆ ಎಂದು ಸೊಣ್ಣಪ್ಪನನ್ನು ಕೇಳಿದ.