ಕೋಟಿನ ಮೂರನೇ ಗುಂಡಿ

ಔಷಧಿ ಅಂಗಡಿಯವನು ತಿಂಗಳಿಗೊಮ್ಮೆ ಅದೇ ಪ್ರಶ್ನೆ ಕೇಳುತ್ತಿದ್ದ. ಟೈಲರಮ್ಮ ತಿಂಗಳಿಗೊಮ್ಮೆ ಅದೇ ಸುಳ್ಳು ಹೇಳುತ್ತಿದ್ದಳು.

"ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?"

"ಇಲ್ಲಪ್ಪ. ಗುಂಡುಕಲ್ಲಿನ ಹಾಗಿದ್ದೀನಿ."

ಅವನು ನಗುತ್ತಾ ಮುಟ್ಟಿನ ಹೊಟ್ಟೆನೋವಿನ ಮಾತ್ರೆಯನ್ನು ಸಣ್ಣ ಕವರಿಗೆ ಹಾಕುತ್ತಿದ್ದ. "ಊಟ ಆದ್ಮೇಲೇ ತಗೊಳ್ಳಿ" ಎನ್ನುವ ನೆಪದಲ್ಲಿ ಇನ್ನರ್ಧ ನಿಮಿಷ ಅವಳನ್ನೇ ನೋಡುತ್ತಿದ್ದ. ಆ ಅರ್ಧ ನಿಮಿಷಕ್ಕಾಗಿ ಅವಳು ಎರಡು ಬೀದಿ ಸುತ್ತಿ ಬರುತ್ತಿದ್ದಳು. ಪ್ರೀತಿಗೆ ಬಿದ್ದವರ ಬುದ್ಧಿಯೇ ಅಷ್ಟು.

ನಿಜವೇನೆಂದರೆ, ಮೂರು ವರ್ಷದಿಂದ ಅವಳ ಹೃದಯದಲ್ಲಿ ಲೋಹದ ವಾಲ್ವ್ ಇತ್ತು. ಅದಕ್ಕಾಗಿ ದಿನಾ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು. ಅದನ್ನು ಮನೆ ಪಕ್ಕದ ಅಂಗಡಿಯ ಮುದುಕರಲ್ಲಿ ಕೊಳ್ಳುತ್ತಿದ್ದಳು. "ಕೇಳದೆ ನೋವಿನ ಮಾತ್ರೆ ತಗೋಬೇಡಮ್ಮ" ಎಂದು ಅವರು ಹೇಳಿದ್ದರು. ತಿಂಗಳಿಗೆ ನಾಲ್ಕೇ ಮಾತ್ರೆ, ಏನಾಗುತ್ತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಮದುವೆಗೆ ಒಪ್ಪಿದ್ದ ಇಬ್ಬರು ವಾಲ್ವಿನ ಸುದ್ದಿ ಕೇಳಿ ಕೈಕೊಟ್ಟಿದ್ದರು. ಲೋಕದಲ್ಲಿ ಇವನೊಬ್ಬನಾದರೂ ತನ್ನನ್ನು ಗಟ್ಟಿಮುಟ್ಟಾದ ಹೆಣ್ಣು ಎಂದುಕೊಂಡಿರಲಿ ಎಂಬುದು ಅವಳ ಆಸೆ.

ಆ ಮಧ್ಯಾಹ್ನ ಅವನ ಬಿಳಿ ಕೋಟಿನ ಮೂರನೇ ಗುಂಡಿ ಜೋತಾಡುತ್ತಿತ್ತು.

"ಎಷ್ಟು ದಿನದಿಂದ ಹೀಗಿದೆ?"

"ಹದಿನೈದು. ಟೈಲರಮ್ಮನ ಕಣ್ಣಿಗೆ ಬೀಳ್ಲಿ ಅಂತ ಕಾಯ್ತಿದ್ದೆ."

"ಬಿಚ್ಚಿಕೊಡಿ."

"ಹಾಕ್ಕೊಂಡೇ ಇರ್ತೀನಿ. ಹೊಲೀರಿ."

ಅವಳು ಪರ್ಸಿನಿಂದ ಸೂಜಿ ದಾರ ತೆಗೆದಳು. ಅವನು ಕೌಂಟರಿನ ಈಚೆ ಬಂದು ಉಸಿರು ಬಿಗಿಹಿಡಿದು ನಿಂತ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಎರಡು ಹೊಲಿಗೆ ಹಾಕಿದಳು.

"ಟಿಕ್ ಟಿಕ್ ಅಂತಿದೆಯಲ್ಲ, ವಾಚಾ?" ಎಂದು ಮೆಲ್ಲಗೆ ಕೇಳಿದ.

ಅವಳ ಕೈಯಲ್ಲಿ ವಾಚು ಇರಲಿಲ್ಲ. ಸದ್ದು ಎದೆಯೊಳಗಿನ ವಾಲ್ವಿನದು. ಸೂಜಿ ಬೆರಳಿಗೆ ಚುಚ್ಚಿತು.

ಅವನು ನಗುತ್ತಲೇ ಹತ್ತಿ ಒತ್ತಿಹಿಡಿದ. ಹತ್ತಿ ತೊಯ್ದಿತು. ಎರಡನೆಯದೂ ತೊಯ್ದಿತು. ಕೋಟಿನ ಮೇಲೆ ಹನಿ ಬಿತ್ತು. ಅವನ ನಗು ಹೋಯಿತು. ಅವಳ ಮುಂಗೈ ತಿರುಗಿಸಿ ನೋಡಿದ, ಬಳೆಯ ಕೆಳಗೆಲ್ಲ ನೀಲಿಗಟ್ಟಿತ್ತು.

"ಯಾವ ಮಾತ್ರೆ ತಗೋತಿದ್ದೀರಿ? ನಿಜ ಹೇಳಿ."

ಅವಳು ಎಲ್ಲವನ್ನೂ ಹೇಳಿದಳು.

"ಐದು ತಿಂಗಳು ನನ್ನ ಕೈಯಾರೆ ಕೊಟ್ಟೆನಲ್ರೀ! ಎರಡೂ ಸೇರಿದ್ರೆ ಹೊಟ್ಟೆಯೊಳಗೇ ರಕ್ತ ಸೋರಿ..." ಎಂದ. ಶಟರ್ ಎಳೆದು ಅವಳನ್ನು ಆಸ್ಪತ್ರೆಗೆ ಕರೆದೊಯ್ದ.

ರಕ್ತ ಪರೀಕ್ಷೆಯಾಯಿತು. ಆ ನೋವಿನ ಮಾತ್ರೆ ಇನ್ನು ಮುಟ್ಟಬಾರದು, ವಾಲ್ವಿನ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು ಎಂದರು ಡಾಕ್ಟರು. ನೋವಿಗೆ ಬೇರೆಯದನ್ನು ಬರೆದು, ಎಷ್ಟು ತೆಗೆದುಕೊಳ್ಳಬಹುದೆಂದೂ ಹೇಳಿದರು.

ಹೊರಗಿನ ಬೆಂಚಿನಲ್ಲಿ ಅವನು ಅವಳ ಪಕ್ಕ ಕೂತ.

"ಇನ್ಮೇಲೆ ಎಲ್ಲ ಮಾತ್ರೆ ಒಂದೇ ಕಡೆ ತಗೊಳ್ಳಿ. ಆ ಮುದುಕರ ಹತ್ರ."

"ನಿಮ್ಮ ಹತ್ರ ಯಾಕೆ ಬೇಡ? ವಾಲ್ವ್ ಇದೆ ಅಂತಾನಾ?"

"ಛೆ! ಆ ನೀಲಿ ಕಲೆ ಐದು ತಿಂಗಳಿಂದ ನನ್ನ ಕಣ್ಣೆದುರೇ ಇತ್ತು ಕಣ್ರೀ. ನಾನು ಬಳೆ ನೋಡ್ತಾ ಕೂತಿದ್ದೆ. ನೀವೂ ಅಷ್ಟೇ, ನಾಳೆ ಜೀವ ಹೋಗ್ತಿದ್ರೂ ನನ್ನ ಮುಂದೆ ಗುಂಡುಕಲ್ಲು ಅಂತೀರಿ. ನನಗೆ ನೀವು ಬೇಕು. ಅದಕ್ಕಿಂತ ಮೊದಲು ನೀವು ಬದುಕಿರಬೇಕು."

ಅವಳು ಅತ್ತಳು. ಅವನೂ ಅತ್ತ.

ಮುಂದಿನ ತಿಂಗಳು ಮುದುಕರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಬೇರೆ ಏನು ತಗೋತಿದ್ದೀಯಮ್ಮ?" ಒಂದನ್ನೂ ಬಿಡದೆ ಹೇಳಿದಳು. ಅವರು ಚೀಟಿ ನೋಡಿ ಮಾತ್ರೆ ಕೊಟ್ಟು ಮುಂದಿನವರ ಕಡೆ ತಿರುಗಿದರು.

ಅವಳು ಎರಡು ಬೀದಿ ಸುತ್ತಿಯೇ ಮನೆಗೆ ಹೊರಟಳು. ರಸ್ತೆಯಾಚೆಯ ಅಂಗಡಿಯಲ್ಲಿ ಅವನಿದ್ದ. ಕೋಟಿನ ಮೇಲೆ ಕಂದು ಕಲೆ ಹಾಗೇ ಇತ್ತು. ಅವಳು ಕವರನ್ನು ಎತ್ತಿ ತೋರಿಸಿದಳು. ಅವನು ತಲೆಯಾಡಿಸಿ, ಅವಳು ಅರ್ಧ ಹೊಲಿದು ಬಿಟ್ಟಿದ್ದ ಮೂರನೇ ಗುಂಡಿಯ ಮೇಲೆ ಕೈಯಿಟ್ಟುಕೊಂಡ.

ದಾಟಿದರೆ ಮತ್ತೆ ಗುಂಡುಕಲ್ಲು ಎಂದುಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಅವಳು ರಸ್ತೆ ದಾಟಲಿಲ್ಲ.