ಎತ್ತಿ ತಳ್ಳುವ ಬಾಗಿಲು

ಮುತ್ತಿನ ಸರ ನರ್ಸಮ್ಮನ ಚೀಲದಿಂದಲೇ ಹೊರಬಿತ್ತು. ಅದೂ ವರಾಂಡದಲ್ಲಿ, ಮನೆ ಕೊಳ್ಳಲು ಬಂದ ಗಂಡ ಹೆಂಡತಿಯ ಎದುರಿಗೆ. ಬಾಚಣಿಗೆ, ಊಟದ ಡಬ್ಬಿ, ಒಳಲಂಗ ಎಲ್ಲ ನೆಲದ ಪಾಲು. ಚೀಲ ಸುರಿದವನು ಮನೆಯ ಮಗ. ಸುರಿಯಿರಿ ಎಂದವರು ಸರ ಕಳವಾದ ದೂರಿಗೆ ಬಂದಿದ್ದ ಇನ್‌ಸ್ಪೆಕ್ಟರ್ ಮೇಡಂ.

“ನಾನು ತಗೊಂಡಿಲ್ಲ.”

“ಮತ್ತೆ ಸರಕ್ಕೇನು ಕಾಲು ಬಂತಾ?” ಎಂದರು ಮೇಡಂ.

ಸರದ ಒಡತಿ, ಗಾಲಿಕುರ್ಚಿಯ ಅಮ್ಮಾವ್ರು, ತೋಟದ ಕಡೆ ಮುಖ ತಿರುಗಿಸಿದರು.

* * *

ಮಹಜರಿಗೆಂದು ಮೇಡಂ ಹಿಂಬದಿಯಲ್ಲಿದ್ದ ಅಮ್ಮಾವ್ರ ಕೋಣೆಗೆ ನಡೆದರು. ಸರ ಇದ್ದದ್ದು ಅಲ್ಲೇ. ನರ್ಸಮ್ಮನೂ ಕೊಳ್ಳುವವರೂ ಜೊತೆಗೆ ಬಂದರು; ಮಗ ತಾಯಿಯ ಹತ್ತಿರ ವರಾಂಡದಲ್ಲೇ ಉಳಿದ.

“ಅದಕ್ಕೆ ಬೀಗ ಹಾಕಿದೆ,” ಎಂದಳು ಕೊಳ್ಳಲು ಬಂದ ಹೆಂಗಸು. “ಕೋಣೆ ನೋಡೋಣ ಅಂತ ಆಗಲೇ ತಳ್ಳಿ ತಳ್ಳಿ ಸಾಕಾಯ್ತು.”

ಬಾಗಿಲಿಗೆ ಬೀಗವೇ ಇಲ್ಲ! ಇವಳೇ ಸುಳ್ಳಿ ಇರಬಹುದೆ? ಮೇಡಂ ತಾವೂ ತಳ್ಳಿದರು. ಜಗ್ಗಲಿಲ್ಲ. ಭುಜ ನೋಯಿತು, ಅಷ್ಟೇ.

“ಹಿಡಿ ಮೇಲಕ್ಕೆತ್ತಿ, ಮೊಣಕಾಲಲ್ಲಿ ಒತ್ತಿ,” ಎಂದಳು ನರ್ಸಮ್ಮ. “ಹೋದ ತಿಂಗಳು ಕೀಲು ಜಾರ್ತು. ಆಗಿಂದ ನನಗೊಬ್ಬಳಿಗೇ ತೆಗೆಯೋಕೆ ಬರೋದು.”

ಮೇಡಂ ತಿರುಗಿ ನೋಡಿದರು. ಕದ್ದವಳು ಹೀಗೆ ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಳ್ಳುತ್ತಾಳೆಯೇ?

* * *

“ಇವಳ ಮೇಲೆ ಯಾರಿಗಾದ್ರೂ ಸಿಟ್ಟಿತ್ತಾ ಅಮ್ಮಾ?” ವರಾಂಡಕ್ಕೆ ಮರಳಿ ಮೇಡಂ ಅಮ್ಮಾವ್ರನ್ನು ಕೇಳಿದರು.

“ತೋಟದ ಮೂಲೆಯ ಔಟ್‌ಹೌಸ್ ಇವಳಿಗೆ ಕೊಟ್ರೇನೇ ಮಾರಾಟಕ್ಕೆ ರುಜು ಹಾಕ್ತೀನಿ ಅಂದಿದ್ದೆ. ಮಗ ಕುಣಿದಾಡಿದ. ಕೊಳ್ಳೋರಿಗೆ ತೋಟ ಇಡಿಯಾಗಿ ಬೇಕಂತೆ.” ಅವರು ಕಣ್ಣೊರೆಸಿಕೊಂಡರು. “ಇನ್ನು ಕಳ್ಳಿಗೆ ಹ್ಯಾಗೆ ಕೊಡ್ಲಿ?”

ಮೇಡಂ ಮಗನ ಕಡೆ ತಿರುಗಿದರು. “ನೀವು ಕೋಣೆಗೆ ಹೋಗಿದ್ರಾ?”

“ವರ್ಷದಿಂದ ಮನೆಯೊಳಗೇ ಕಾಲಿಟ್ಟಿಲ್ಲ ಮೇಡಂ. ಇವತ್ತೂ ತೋಟ, ವರಾಂಡ, ಅಷ್ಟೇ.”

“ಸರಿ. ಅಮ್ಮನಿಗೆ ಚಳಿ ಅನ್ಸುತ್ತೆ. ಅವರ ಕೋಣೆಯಿಂದ ಶಾಲು ತನ್ನಿ.”

ಅವನು ಹೋದ. ಮೇಡಂ ಸದ್ದಿಲ್ಲದೆ ಹಿಂಬಾಲಿಸಿದರು. ಅವನ ಕೈ ಹಿಡಿಯನ್ನು ಮೇಲಕ್ಕೆತ್ತಿತು, ಮೊಣಕಾಲು ಒತ್ತಿತು, ಬಾಗಿಲು ತೆರೆಯಿತು.

“ಕೀಲು ಜಾರಿದ್ದು ಹೋದ ತಿಂಗಳು,” ಎಂದರು ಮೇಡಂ ಬೆನ್ನ ಹಿಂದಿನಿಂದ. “ವರ್ಷದಿಂದ ಬರದವರಿಗೆ ಈ ವಿದ್ಯೆ ಎಲ್ಲಿಂದ ಬಂತು? ಇವತ್ತು ಸರ ತೆಗೆಯೋಕೆ ಬಂದು, ತಡಕಾಡಿ ಕಲಿತ್ರಿ. ಆಮೇಲೆ ಅದನ್ನ ಅವಳ ಚೀಲಕ್ಕೆ ಹಾಕಿದ್ರಿ.”

ಅವನ ಮುಖ ಸುಣ್ಣವಾಯಿತು. “ಕಳ್ಳಿ ಅಂತಾದ್ರೆ ಅಮ್ಮನೇ ಅವಳನ್ನ ಬೇಡ ಅಂತಾಳೆ ಅಂದ್ಕೊಂಡೆ.”

* * *

ಮಗನನ್ನು ಜೀಪು ಹತ್ತಿಸಿ ಮೇಡಂ ವರಾಂಡಕ್ಕೆ ಬಂದರು. ಬಗ್ಗಿ ಬಾಚಣಿಗೆ ಎತ್ತಿದರು, ಡಬ್ಬಿ ಎತ್ತಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಬುದ್ಧಿ ತನ್ನದೇ!

“ತಪ್ಪಾಯ್ತಮ್ಮ.”

ನರ್ಸಮ್ಮ ಚೀಲದ ಜಿಪ್ ಎಳೆದಳು.

“ಔಟ್‌ಹೌಸ್ ನಿಂದೇ ಕಣೇ,” ಎಂದರು ಅಮ್ಮಾವ್ರು. “ಹೋಗಬೇಡ.”

“ಮೇಡಂಗೆ ನಾನು ಯಾರೋ. ನಿಮ್ಮ ಮಗನಿಗೆ ಮೊದಲಿಂದ್ಲೂ ಬೇಡದವಳು. ಚೀಲ ಸುರಿದಾಗ ನಾನು ನೋಡಿದ್ದು ನಿಮ್ಮ ಮುಖ ಅಮ್ಮಾ. ನೀವು ತೋಟ ನೋಡ್ತಿದ್ರಿ.”

ಅವಳು ಮೆಟ್ಟಿಲಿಳಿದು ತೋಟದ ದಾರಿಯಲ್ಲೇ ನಡೆದು ಹೋದಳು. ಈಗ ಆ ಕಡೆ ನೋಡಲು ಅಮ್ಮಾವ್ರಿಗೆ ಮುಖವಿರಲಿಲ್ಲ.