ಒಂದೇ ಹೆಸರಿನ ಎರಡು ಪೆಟ್ಟಿಗೆ

ಸೋಮವಾರ ಬೆಳಿಗ್ಗೆ ದಾಖಲೆ ಕೊಠಡಿಗೆ ಬಂದ ಅರಣ್ಯ ಸಂಶೋಧಕ ಕೊಟ್ಟ ಚೀಟಿಯಲ್ಲಿ ಇದ್ದದ್ದು ನಾಲ್ಕೇ ಇಂಗ್ಲಿಷ್ ಅಕ್ಷರ: ಎನ್‌ಡಬ್ಲ್ಯುಎಫ್‌ಪಿ. ಅಲ್ಲಿ ಕೆಲಸಕ್ಕೆ ಸೇರಿ ತಿಂಗಳೂ ಆಗಿರದ ಹುಡುಗಿ ಅದೇ ಅಕ್ಷರಗಳಿದ್ದ ಪೆಟ್ಟಿಗೆ ತಂದುಕೊಟ್ಟಳು.

ಅವನು ಮುಚ್ಚಳ ತೆಗೆದು ನೋಡಿದ. ಮೇಲಿನ ಹಾಳೆ ಓದಿ ಅವಳತ್ತ ನೋಡಿದ. ಆಮೇಲೆ, "ಥ್ಯಾಂಕ್ಸ್," ಎಂದು ಕಿಟಕಿಯ ಪಕ್ಕ ಕುಳಿತ.

ನಾಲ್ಕು ದಿನವೂ ಅದೇ ಪೆಟ್ಟಿಗೆ, ಅದೇ ಕುರ್ಚಿ. ಹಾಳೆ ತಿರುಗಿಸುವಾಗಲೆಲ್ಲ ಅವನ ಕಣ್ಣು ಅವಳ ಮೇಜಿನತ್ತ ಬರುತ್ತಿತ್ತು. ಅವಳು ತಲೆಯೆತ್ತಿದರೆ ಅವನು ಕನ್ನಡಕ ಒರೆಸುತ್ತಿದ್ದ.

ಗುರುವಾರ ಮಧ್ಯಾಹ್ನ ಕೆಳಗಿನ ಕಪಾಟಿನಲ್ಲಿ ಅವಳಿಗೆ ಇನ್ನೊಂದು ಪೆಟ್ಟಿಗೆ ಸಿಕ್ಕಿತು. ಅದೇ ನಾಲ್ಕು ಅಕ್ಷರ. ಒಳಗೆ ಜೇನು, ಗೋಂದು, ಮೇಣ, ಅಂಟುವಾಳದ ವರದಿಗಳು. ನಾನ್-ವುಡ್ ಫಾರೆಸ್ಟ್ ಪ್ರಾಡಕ್ಟ್ಸ್, ಅಂದರೆ ಮರಮಟ್ಟು ಬಿಟ್ಟು ಕಾಡು ಕೊಡುವುದೆಲ್ಲ ಅದರಲ್ಲಿತ್ತು. ಅವನ ಮುಂದಿದ್ದದ್ದು ನಾರ್ತ್-ವೆಸ್ಟ್ ಫ್ರಾಂಟಿಯರ್ ಪ್ರಾವಿನ್ಸ್, ಅಂದರೆ ಈಗ ಆ ಹೆಸರೇ ಉಳಿದಿಲ್ಲದ ವಾಯವ್ಯ ಗಡಿ ಪ್ರಾಂತ್ಯದ ಹಳೆಯ ಪತ್ರಗಳು.

ಅವಳು ಬಿಸಿಯಾದ ಮುಖದಲ್ಲೇ ಆ ಪೆಟ್ಟಿಗೆ ತಂದು ಅವನ ಮುಂದಿಟ್ಟಳು.

"ನಿಮಗೆ ಬೇಕಾಗಿದ್ದು ಇದು ಅಲ್ವಾ?"

"ಹೌದು."

"ಯಾವಾಗ ಗೊತ್ತಾಯ್ತು?"

"ಮುಚ್ಚಳ ತೆಗೆದಾಗಲೇ."

"ಹೊಸಬಳು, ಪಾಪ ಅಂತ ಸುಮ್ಮನಿದ್ರಾ? ನನಗೆ ಯಾರ ಕನಿಕರವೂ ಬೇಡ."

"ಕನಿಕರ ಅಲ್ಲ." ಅವನು ಮೆಲ್ಲಗೆ ಹೇಳಿದ. "ಸರಿಯಾದ್ದು ಕೊಟ್ಟಿದ್ರೆ ನನ್ನ ಕೆಲಸ ಎರಡೇ ದಿನಕ್ಕೆ ಮುಗೀತಿತ್ತು. ಆಮೇಲೆ ಇಲ್ಲಿಗೆ ಬರೋಕೆ ನೆಪ ಎಲ್ಲಿಂದ ತರ್ಲಿ?"

ಅವಳು ತನ್ನ ಸಿಟ್ಟು ಇಳಿಯುತ್ತಿರುವುದು ಅವನಿಗೆ ಕಾಣಬಾರದೆಂದು ಪೆಟ್ಟಿಗೆಯ ಧೂಳು ಒರೆಸಿದಳು.

"ನಿಮ್ಮ ವರದಿ ಯಾವಾಗ ಕೊಡ್ಬೇಕು?"

"ನಾಳೆ ಸಂಜೆ. ಶನಿವಾರ ಕಾಡಿಗೆ ಹೊರಡ್ತೀನಿ. ಒಂದು ವರ್ಷ ಅಲ್ಲೇ."

"ಚೆನ್ನಾಗಿದೆ ನಿಮ್ಮ ಬುದ್ಧಿ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ." ಅವಳು ಎದುರಿನ ಕುರ್ಚಿ ಎಳೆದಳು. "ಅರ್ಧ ಕೆಲಸ ನನಗೆ ಕೊಡಿ. ನಾನು ಓದಿ ಹೇಳ್ತೀನಿ, ನೀವು ಬರ್ಕೊಳ್ಳಿ."

ಆ ದಿನವೂ ಮರುದಿನವೂ ಅವಳು ಗೋಂದಿನ ಬಗ್ಗೆ ಓದಿದಳು, ಅವನು ಬರೆದ. ನಡುವೆ ಒಂದೆರಡು ಸಲ ಬರೆಯುವುದನ್ನು ಮರೆತ. "ಜೇನಿನ ಪುಟ ಇಲ್ಲಿದೆ, ನನ್ನ ಮುಖದಲ್ಲಿಲ್ಲ," ಎಂದು ಅವಳು ಗದರಿಸಿದಳು.

ಶುಕ್ರವಾರ ನಾಲ್ಕಕ್ಕೆ ವರದಿ ಮುಗಿಯಿತು. ಅವನು ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತ.

"ಕಾಡಲ್ಲಿ ಗುಡ್ಡ ಹತ್ತಿದ್ರೆ ಮಾತ್ರ ಫೋನ್ ಸಿಗೋದು. ದಿನಾ ಹತ್ತಿದ್ರೆ ಬೇಜಾರಾ ನಿಮಗೆ?"

ಅವಳು ಒಂದು ಹಾಳೆ ಹರಿದು ಎರಡು ನಂಬರ್ ಬರೆದುಕೊಟ್ಟಳು.

"ಮೇಲಿನದು ನನ್ನದು."

"ಕೆಳಗಿನದು?"

"ನಮ್ಮಣ್ಣಂದು. ನಮ್ಮ ಮನೇಲಿ ಮದುವೆ ಮಾತಾಡೋದು ಅವನೇ. ನಾನು ಒಪ್ಪಿದ್ದೀನಿ. ಅವನನ್ನ ಒಪ್ಪಿಸೋದು ನಿಮ್ಮ ಪಾಡು."